ಶೆಡ್ಡಿನ ಹಿಂದಿನ ಸೊಪ್ಪು

೩ ಜೂನ್ ೧೯೮೪

ತಂಗೀ,

ನಿನ್ನ ಕಾಗದ ಬಂತು. ನಾಲ್ಕು ಪುಟದಲ್ಲಿ ಮೂರು ಬರೀ ಅಳು. ವಿಷಯ ಇದ್ದದ್ದು ಎರಡು ಸಾಲು: ಗುಬ್ಬಿ ಮತ್ತೆ ಬಸುರಿ, ಅವಳ ಮೈಯಲ್ಲಿ ರಕ್ತ ಸಾಲದು. ಅದನ್ನು ಮೊದಲೇ ಬರೆಯುವುದಕ್ಕೆ ಏನಾಗಿತ್ತು ನಿನಗೆ? ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ಹೋದ ಸಲ ಐದನೇ ತಿಂಗಳಲ್ಲಿ ಮಗು ಹೋದದ್ದನ್ನೇ ನೆನೆಸಿಕೊಂಡು ಕೂತಿದ್ದೀಯ. ನನಗೂ ಹೆದರಿಕೆ ಇದೆ. ಹೆದರಿದರೆ ರಕ್ತ ಊರುವುದಿಲ್ಲ, ಸೊಪ್ಪು ತಿಂದರೆ ಊರುತ್ತದೆ.

ಇದರ ಜೊತೆ ಪುಡಿಯ ಪೊಟ್ಟಣ ಇದೆ. ಗುಡ್ಡದ್ದು. ಕಾಡು ಹರಿವೆ, ಹೊನಗೊನೆ, ಗೋಣಿಸೊಪ್ಪು ಮೂರೂ ಸೇರಿವೆ. ನೆರಳಲ್ಲಿ ಒಣಗಿಸಿದ್ದು, ಬಿಸಿಲು ತಾಗಿಸಿಲ್ಲ. ದಿನಕ್ಕೊಂದು ಚಮಚ ಗಂಜಿಗೆ ಹಾಕಿ ಮೇಲೆ ನಿಂಬೆಹಣ್ಣು ಹಿಂಡು. ಹುಳಿ ಬೀಳದಿದ್ದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಉಂಡ ಮೇಲೆ ಚಹಾ ಬೇಡ. ಇದು ನನ್ನ ಮಾತಲ್ಲ, ಹೋದ ವರ್ಷ ನಿನ್ನ ಮಗಳು ಗುಬ್ಬಿಯೇ ಬಂದು ಹೇಳಿದ್ದು. ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು ಸುಮ್ಮನೆ ಇರುತ್ತಾಳೆಯೇ? ನನ್ನ ಪುಡಿಯನ್ನು ಒಂದು ಹಿಡಿ ಒಯ್ದು, ಅಳೆದು ನೋಡಿ, ‘ದೊಡ್ಡಮ್ಮಾ, ಅಂಗಡಿ ಸೊಪ್ಪು ನಿನ್ನ ಸೊಪ್ಪಿನ ಮುಂದೆ ಬರೀ ಹಸಿರು ನೀರು’ ಅಂತ ಬರೆದಿದ್ದಳಲ್ಲ. ಕಬ್ಬಿಣ, ಸುಣ್ಣದ ಅಂಶ ಎಲ್ಲ ಜಾಸ್ತಿಯಂತೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಗೋದಾಮಿನಲ್ಲಿ ಗೋಣಿಚೀಲ ಹೊಲಿದವಳು. ನನ್ನ ಸೊಪ್ಪು ಪಾಸಾಯಿತು, ನಾನು ಆಗಲಿಲ್ಲ.

ಅಳಬೇಡ. ಅವಳ ಎದುರಿಗಂತೂ ಅಳಲೇಬೇಡ.

ನಿನ್ನ ಅಕ್ಕ

೧೬ ಜೂನ್ ೧೯೮೪

ಅಕ್ಕಾ,

ಪೊಟ್ಟಣ ಸಿಕ್ಕಿತು. ಬಿಚ್ಚಿದ ಕೂಡಲೇ ಮನೆಯೆಲ್ಲ ನಿನ್ನ ಅಡುಗೆಮನೆಯ ವಾಸನೆ. ಗುಬ್ಬಿ ಮೂಗು ಮುಚ್ಚಿಕೊಂಡು ಕುಡಿಯುತ್ತಾಳೆ, ಕುಡಿದ ಮೇಲೆ ನಿನಗೊಂದು ಬೈಗುಳ, ನನಗೊಂದು ಬೈಗುಳ. ಆದರೂ ಬಟ್ಟಲು ಖಾಲಿ ಮಾಡುತ್ತಾಳೆ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ರಕ್ತ ಈಗ ಎಂಟರ ಹತ್ತಿರ ಇದೆ. ಏಳನೇ ತಿಂಗಳೊಳಗೆ ಹತ್ತಕ್ಕಾದರೂ ಏರಬೇಕು. ಏರದಿದ್ದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ. ಅವರು ಕೊಟ್ಟ ಮಾತ್ರೆ ನುಂಗಿದರೆ ಇವಳಿಗೆ ವಾಂತಿ. ಹಾಗಾಗಿ ಎಲ್ಲ ಭಾರ ನಿನ್ನ ಸೊಪ್ಪಿನ ಮೇಲೆ.

ಅಳಿಯಂದಿರು ಸುರಂಗ ಕೊರೆಯುವ ಜಾಗದಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ಬಂದು ಬಟ್ಟೆ ಒಗೆಸಿಕೊಂಡು ಹೋಗುತ್ತಾರೆ.

ಗುಬ್ಬಿಗೆ ನಿನ್ನ ಮಂಡಿಯದೇ ಚಿಂತೆ. ಈ ವಯಸ್ಸಿನಲ್ಲಿ ಗುಡ್ಡ ಹತ್ತುತ್ತೀಯ, ಬಿದ್ದರೆ ನೋಡುವವರು ಯಾರು ಅನ್ನುತ್ತಾಳೆ. ಇನ್ನೊಂದು ಸಲ ಮಂಡಿ ನೋವು ಅಂದರೆ ಅವಳೇ ಬಂದು ನಿನ್ನನ್ನು ಇಲ್ಲಿಗೆ ಎತ್ತಿಕೊಂಡು ಬರುತ್ತಾಳಂತೆ. ಮೂರನೇ ಮಹಡಿ, ಎರಡು ಕೋಣೆ, ಕಿಟಕಿ ತೆಗೆದರೆ ಪಕ್ಕದವರ ಗೋಡೆ. ನೀನು ಬಂದರೆ ನನಗಂತೂ ಹಬ್ಬ. ನಿನಗೆ ಹೇಗೋ.

ತಂಗಿ

೨ ಜುಲೈ ೧೯೮೪

ತಂಗೀ,

ಈ ಕಾಗದ ಓದಿ ಒಲೆಗೆ ಹಾಕು. ಗುಬ್ಬಿಯ ಕೈಗೆ ಸಿಗಬಾರದು.

ನನ್ನ ಮಂಡಿ ಹೋಯಿತು. ಗುಡ್ಡದ ಬುಡದಲ್ಲೇ ಕೂತುಬಿಟ್ಟೆ, ಕಟ್ಟಿಗೆಯವನು ತನ್ನ ಕೈಗಾಡಿಯಲ್ಲಿ ಕೂರಿಸಿಕೊಂಡು ಮನೆಗೆ ತಂದು ಬಿಟ್ಟ. ಬೀದಿಯವರೆಲ್ಲ ಮೆರವಣಿಗೆ ನೋಡಿದರು. ಇನ್ನು ಗುಡ್ಡ ಹತ್ತುವ ಮಾತಿಲ್ಲ. ಇದನ್ನು ಅವಳಿಗೆ ಹೇಳಿದರೆ ನನ್ನನ್ನು ತಂದು ನಿಮ್ಮ ಮೂರನೇ ಮಹಡಿಯಲ್ಲಿ ಪಂಜರದ ಗಿಳಿ ಮಾಡುತ್ತಾಳೆ. ನಾನು ಗಿಳಿಯಲ್ಲ. ಕಚ್ಚುತ್ತೇನೆ.

ಸೊಪ್ಪು ಎಲ್ಲಿಂದ ಅನ್ನುವ ಚಿಂತೆ ಬೇಡ. ನಮ್ಮ ಸಾಲುಮನೆಗಳ ಹಿಂದೆ ಹಳೇ ಬ್ಯಾಟರಿ ಒಡೆದು ಕರಗಿಸುವ ಶೆಡ್ ಇತ್ತಲ್ಲ, ಬೆಂಕಿ ಬಿದ್ದು ಮುಚ್ಚಿಹೋದದ್ದು. ಅದರ ಹಿಂದಿನ ಗೋಡೆ ಬಿದ್ದಿದೆ. ಒಳಗೆ ಹೋಗಿ ನೋಡಿದರೆ ಕಣ್ಣು ತುಂಬುವಷ್ಟು ಹರಿವೆ, ಸೊಂಟದೆತ್ತರ. ಗುಡ್ಡದ ಸೊಪ್ಪು ಅದರ ಮುಂದೆ ಬಡಕಲು. ಎಲ್ಲ ಬೂದಿ ಬಿದ್ದ ನೆಲದ ಮಹಿಮೆ. ಸುಟ್ಟ ನೆಲದಂಥ ಗೊಬ್ಬರ ಇನ್ನೊಂದಿಲ್ಲ. ಒಣಗಿಸುವುದಕ್ಕೂ ಅಲ್ಲೇ ಸೂರಿನ ಕೆಳಗೆ ಸಿಮೆಂಟು ಕಟ್ಟೆ ಇದೆ, ಒಳ್ಳೆ ನೆರಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಅನ್ನುವವರಿಗೆ ಹಿತ್ತಲೇ ಇರುವುದಿಲ್ಲ.

ಅವಳು ಕೇಳಿದರೆ ಗುಡ್ಡದ್ದು ಅನ್ನು. ನನ್ನ ಮೇಲಾಣೆ.

ಹೊಸ ಪುಡಿ ಡಬ್ಬಿಯಲ್ಲಿ ತುಂಬಿ ಕಳಿಸಿದ್ದೇನೆ. ನಾನೂ ದಿನಾ ತಿನ್ನುತ್ತಿದ್ದೇನೆ. ಮಂಡಿಗೂ ಒಳ್ಳೆಯದಾದರೆ ಆಗಲಿ.

ಅಕ್ಕ

೨೧ ಜುಲೈ ೧೯೮೪

ಅಕ್ಕಾ,

ಕಾಗದವನ್ನು ಒಲೆಗೆ ಹಾಕಿದೆ. ಆಣೆ ಉಳಿಸಿಕೊಂಡಿದ್ದೇನೆ. ಚಿಕ್ಕಂದಿನಲ್ಲಿ ನೀನು ಸಂತೆಯಿಂದ ಕದ್ದ ರಿಬ್ಬನ್ನಿನ ವಿಷಯವನ್ನೇ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಇದನ್ನು ಹೇಳುತ್ತೇನೆಯೇ?

ಒಂದು ಸಂತೋಷದ ಸುದ್ದಿ. ಡಬ್ಬಿ ಬಂದ ವಾರವೇ ಗುಬ್ಬಿ ಒಂದು ಚಮಚ ಪುಡಿಯನ್ನು ಲ್ಯಾಬಿಗೆ ಒಯ್ದಳು. ಕಬ್ಬಿಣ ಹೋದ ವರ್ಷಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಅವಳ ಜೊತೆ ಕೆಲಸ ಮಾಡುವವರು, ನಿಮ್ಮ ದೊಡ್ಡಮ್ಮನ ಗುಡ್ಡವನ್ನೇ ಕೊಂಡುಕೊಳ್ಳೋಣ ಅಂದರಂತೆ. ನಾನು ತಲೆ ತಗ್ಗಿಸಿಕೊಂಡು ನಕ್ಕೆ. ಬೇರೇನನ್ನೂ ಅವಳು ಅಳೆಯಲಿಲ್ಲ. ಅವರಲ್ಲಿರುವ ಹಳೇ ಯಂತ್ರ ಮೈಗೆ ಬೇಕಾದ್ದನ್ನು ಮಾತ್ರ ಅಳೆಯುತ್ತದಂತೆ.

ಈ ಪುಡಿಗೆ ಮೊದಲಿನ ಕಹಿಯೂ ಇಲ್ಲ. ಸ್ವಲ್ಪ ಮರಳು ಸಿಗುತ್ತದೆ ಅಷ್ಟೆ. ಇನ್ನೊಂದು ಸಲ ತೊಳೆದರೆ ಆದೀತು.

ರಕ್ತ ಮಾತ್ರ ಏರಿಲ್ಲ. ಎಂಟಕ್ಕಿಂತ ಒಂದು ಕೂದಲು ಕೆಳಗೇ ಇಳಿದಿದೆ. ಇಷ್ಟು ಕಬ್ಬಿಣ ತಿಂದೂ ಯಾಕೆ ಹೀಗೆ ಅಂತ ಡಾಕ್ಟರಮ್ಮ ತಲೆ ಕೆರೆದುಕೊಂಡರು. ತಲೆನೋವು ಅನ್ನುತ್ತಾಳೆ, ಬಸುರಿಗೆ ಅದೆಲ್ಲ ಇದ್ದದ್ದೇ. ಒಂದು ಚಮಚ ಸಾಲುತ್ತಿಲ್ಲವೇನೋ?

ತಂಗಿ

೧ ಆಗಸ್ಟ್ ೧೯೮೪

ತಂಗೀ,

ಮರಳು ಅಂದೆಯಾ? ಮಂಡಿ ಊದಿಕೊಂಡವಳು ಕೂತು ಕೂತು ಎಲೆ ಬಿಡಿಸಿ, ಬೀಸಿ, ಜರಡಿ ಹಿಡಿದು ಕಳಿಸಿದರೆ ಮರಳು. ಹಾಗಾದರೆ ಬಿಸಾಡು. ಇನ್ನು ಕಳಿಸುವುದಿಲ್ಲ. ಅಂಗಡಿಯಿಂದ ಹಸಿರು ನೀರು ತಂದು ಕುಡಿಸಿಕೊಳ್ಳಿ.

ಇಷ್ಟು ಬರೆದು ಎದ್ದು ಊಟ ಮಾಡಿದೆ, ಕೋಪ ಇಳಿಯಿತು. ಎರಡನೇ ಡಬ್ಬಿ ಮಂಗಳವಾರ ಪಾರ್ಸಲ್ಲಿಗೆ ಹಾಕುತ್ತೇನೆ. ಎರಡು ಸಲ ತೊಳೆದಿದ್ದೇನೆ. ದಿನಕ್ಕೆ ಎರಡು ಚಮಚ ಮಾಡು. ಬೆಳಗ್ಗೆ ಒಂದು, ಸಂಜೆ ಒಂದು. ಡಾಕ್ಟರಮ್ಮ ತಲೆ ಕೆರೆದುಕೊಳ್ಳಲಿ, ಹೇನಿದ್ದರೆ ಬಿದ್ದುಹೋಗುತ್ತವೆ.

ನನಗೂ ಮೈ ಸರಿಯಿಲ್ಲ. ಹೊಟ್ಟೆ ಹಿಂಡಿದ ಹಾಗೆ ಆಗುತ್ತದೆ, ಬಹಿರ್ದೆಸೆ ಸರಿಯಾಗಿ ಆಗುವುದಿಲ್ಲ. ಬಾಯಲ್ಲಿ ಹಳೇ ಚಮಚ ನೆಕ್ಕಿದ ಹಾಗೆ ರುಚಿ. ನಿನ್ನೆ ಚೀಲ ಹೊಲಿಯುತ್ತಿರುವಾಗ ದಬ್ಬಳ ಕೈಯಿಂದ ಬಿತ್ತು, ಎತ್ತಿಕೊಂಡೆ, ಮತ್ತೆ ಬಿತ್ತು. ವಯಸ್ಸಾಯಿತು. ಇದನ್ನೆಲ್ಲ ಅವಳ ಮುಂದೆ ಓದಬೇಡ.

ಪಕ್ಕದ ಮನೆಯ ಲಾರಿ ಡ್ರೈವರನ ಹೆಂಡತಿ ಒಂದು ಮೇಕೆ ಸಾಕಿದ್ದಾಳೆ. ಪಾಪ, ಗಬ್ಬದ ಮೇಕೆ ಅಂತ ನಾನು ಬಿಡಿಸಿದ ಹರಿವೆ ದಂಟನ್ನೆಲ್ಲ ಅದಕ್ಕೇ ಹಾಕುತ್ತಿದ್ದೆ. ಮೊನ್ನೆ ಅದು ಕಂದು ಹಾಕಿತು. ಎರಡು ಮರಿ, ಎರಡೂ ಸತ್ತವು. ಅವಳು ನನ್ನ ಬಾಗಿಲಿಗೆ ಬಂದು, ನಿನ್ನ ಸೊಪ್ಪಿನಿಂದಲೇ ಹೀಗಾಯಿತು ಅಂದಳು. ಹಿಂಡಿ ಹಾಕದೆ ಬರೀ ನೀರು ಕುಡಿಸಿ ಸಾಕಿದರೆ ಇನ್ನೇನಾಗುತ್ತದೆ ಅಂತ ಕೇಳಿದೆ. ಇಡೀ ಸಾಲು ಬಾಗಿಲಿಗೆ ಬಂದು ನಿಂತಿತು. ಇನ್ನು ಮೇಲೆ ಅವಳಿಗೆ ಒಂದು ದಂಟೂ ಇಲ್ಲ.

ಅಕ್ಕ

೧೨ ಆಗಸ್ಟ್ ೧೯೮೪

ಅಕ್ಕಾ,

ಡಬ್ಬಿ ಬಂತು. ಎರಡು ಚಮಚ ಶುರುಮಾಡಿದ್ದೇನೆ. ಮರಳಿಲ್ಲ. ಇದ್ದರೂ ನಾನು ಹೇಳುವುದಿಲ್ಲ, ನಿನ್ನ ಕೋಪಕ್ಕೆ ಟಪಾಲು ಖರ್ಚು ಜಾಸ್ತಿ.

ನೀನು ಡಾಕ್ಟರಿಗೆ ತೋರಿಸು. ಮೇಕೆಯ ವಿಷಯ ಗುಬ್ಬಿಗೆ ಹೇಳಲಿಲ್ಲ. ಬಸುರಿಯ ಕಿವಿಗೆ ಅಂಥದ್ದು ಬೀಳಬಾರದು.

ತಂಗಿ

೯ ಸೆಪ್ಟೆಂಬರ್ ೧೯೮೪

ಅಕ್ಕಾ,

ಇಷ್ಟು ದಿನ ಆಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ಕೋಪವೋ, ಮೈ ಸರಿಯಿಲ್ಲವೋ? ಕೋಪ ಅಂತಲೇ ಅಂದುಕೊಂಡಿದ್ದೇನೆ.

ಇಲ್ಲಿ ಒಂದು ತಮಾಷೆ ನಡೆಯಿತು. ಗುಬ್ಬಿಯ ಲ್ಯಾಬಿಗೆ ಹೊಸ ಯಂತ್ರ ಬಂದಿದೆ. ಯಾವ ಯಾವುದೋ ಲೋಹವನ್ನೆಲ್ಲ ಹಿಡಿಯುತ್ತದಂತೆ. ಎಲ್ಲರೂ ತಮ್ಮ ತಮ್ಮ ಮನೆಯಿಂದ ಏನಾದರೂ ತಂದು ಹಾಕಿ ನೋಡಿದರು. ಒಬ್ಬರು ಮೊಸರು, ಒಬ್ಬರು ಬಾವಿ ನೀರು. ಇವಳು ನಿನ್ನ ಪುಡಿ ಹಾಕಿದಳು. ಅದರಲ್ಲಿ ಸೀಸ ಬಂತಂತೆ. ಸ್ವಲ್ಪ ಅಲ್ಲ, ಬಹಳ. ಮನೆಗೆ ಬಂದವಳೇ ಚಪ್ಪಲಿ ಬಿಡದೆ ನನ್ನ ಎದುರು ನಿಂತಳು.

‘ಅಮ್ಮಾ, ನಿಜ ಹೇಳು. ದೊಡ್ಡಮ್ಮ ಇದನ್ನ ಎಲ್ಲಿ ಕೀಳ್ತಾಳೆ?’

‘ಗುಡ್ಡದಲ್ಲಿ. ಇನ್ನೆಲ್ಲಿ?’

‘ಬೇರೆ ಎಲ್ಲೂ ಇಲ್ವಾ? ರಸ್ತೆ ಪಕ್ಕ, ಕಾರ್ಖಾನೆ ಪಕ್ಕ?’

‘ನಿನ್ನ ದೊಡ್ಡಮ್ಮನ್ನ ನೀನು ನೋಡಿಲ್ವಾ? ಗುಡ್ಡ ಬಿಟ್ಟು ಕೆಳಗಿನದನ್ನ ಮುಟ್ಟೋಳಾ ಅವಳು?’

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ಅವಳೇ ಸಮಾಧಾನ ಮಾಡಿಕೊಂಡಳು. ಹೋದ ವರ್ಷ ಅವಳೂ ಆ ಗುಡ್ಡಕ್ಕೆ ಹೋಗಿದ್ದಳಲ್ಲ, ಸುತ್ತ ಏನೂ ಇಲ್ಲ, ಅಲ್ಲಿ ಸೀಸ ಎಲ್ಲಿಂದ ಬರಬೇಕು? ಅದೇ ಯಂತ್ರದಲ್ಲಿ ಹಿಂದಿನ ದಿನ ಸೀಸದ ಬಣ್ಣ ಬಳಿದ ಡಬ್ಬಿಯ ಚೂರು ಹಾಕಿದ್ದರಂತೆ, ಬಟ್ಟಲು ಸರಿಯಾಗಿ ತೊಳೆದಿರಲಿಕ್ಕಿಲ್ಲ ಅಂದಳು. ಆದರೂ ಇನ್ನೊಂದು ಸಲ ಅಳೆಯುವವರೆಗೆ ಪುಡಿ ಬೇಡ ಅಂತ ಹಟ. ಅಷ್ಟರಲ್ಲಿ ಡಾಕ್ಟರಮ್ಮ ಬರೆದುಕೊಟ್ಟ ರಜೆ ಶುರುವಾಯಿತು, ಅಳೆಯುವುದು ಹಾಗೇ ಉಳಿಯಿತು.

ನಾನು ಬಿಡುತ್ತೇನೆಯೇ? ರಕ್ತ ಏಳಕ್ಕೆ ಇಳಿದಿದೆ. ಈಗ ನಿಲ್ಲಿಸಿದರೆ ಗತಿಯೇನು? ಅವಳಿಗೆ ಗೊತ್ತಾಗದ ಹಾಗೆ ಗಂಜಿಗೆ ಕಲಸಿ, ಸ್ವಲ್ಪ ಬೆಲ್ಲ ಹಾಕಿ ಕೊಡುತ್ತಿದ್ದೇನೆ. ಹಸಿರು ಬಣ್ಣ ಯಾಕೆ ಅಂದರೆ ಹೆಸರುಕಾಳಿನ ಹಿಟ್ಟು ಅನ್ನುತ್ತೇನೆ. ಓದಿದವರಿಗೆ ಮೋಸ ಮಾಡುವುದು ಎಷ್ಟು ಸುಲಭ ಅಕ್ಕಾ.

ಹೊಟ್ಟೆಯೊಳಗಿನದು ಬಹಳ ಸಾಧು. ಒದೆಯುವುದು ಅಪರೂಪ. ತಾತನ ಹಾಗೆ ನಿಧಾನಸ್ಥ ಆಗಬಹುದು.

ತಂಗಿ

ತಂತಿ

೧೭ ಸೆಪ್ಟೆಂಬರ್ ೧೯೮೪

ಪುಡಿ ಬಿಸಾಡು. ಒಂದು ಚಿಟಿಕೆಯೂ ಕೊಡಬೇಡ. ಅಕ್ಕ.

೧೭ ಸೆಪ್ಟೆಂಬರ್ ೧೯೮೪

ತಂಗೀ,

ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಕಿಟಕಿಯ ಹಿಂದೆ ಕೂತವನು ಚಿಕ್ಕದಾಗಿ ಹೇಳಮ್ಮ ಅಂದ, ನನ್ನ ಹಿಂದೆ ಜನ ನಿಂತಿದ್ದರು. ಈ ಕಾಗದವನ್ನು ನೀನು ಓದಿ ಮಡಿಸಿಡಬೇಡ. ಗುಬ್ಬಿಯ ಕೈಗೆ ಕೊಡು. ಆಣೆ ಗೀಣೆ ಎಲ್ಲ ಮುಗಿಯಿತು.

ಅಕ್ಷರ ಸೊಟ್ಟ ಇದ್ದರೆ ಕಷ್ಟಪಟ್ಟು ಓದಿ. ಬಲಗೈ ಮಣಿಕಟ್ಟಿನಿಂದ ಕೆಳಗೆ ನಿಲ್ಲುತ್ತಿಲ್ಲ. ಪೆನ್ನನ್ನು ಚೀಲದ ದಾರದಿಂದ ಬೆರಳಿಗೆ ಕಟ್ಟಿಕೊಂಡಿದ್ದೇನೆ. ತಿಂಗಳಿಂದ ಬರೆಯದೆ ಇದ್ದದ್ದು ಇದಕ್ಕೇ, ಕೋಪಕ್ಕಲ್ಲ.

ನಿನ್ನ ಕಾಗದ ಓದಿ ಮೊದಲು ಸಿಟ್ಟೇ ಬಂತು. ನನ್ನ ಸೊಪ್ಪಿನಲ್ಲಿ ಸೀಸವಂತೆ. ಗುಬ್ಬಿಯ ಯಂತ್ರ ಸುಳ್ಳು ಅಂತ ಯಾರ ಬಾಯಲ್ಲಾದರೂ ಹೇಳಿಸಬೇಕು ಅಂತ ಆ ಶೆಡ್ಡಿನ ಹಳೇ ಮೇಸ್ತ್ರಿಯ ಮನೆಗೆ ಹೋದೆ. ಗೋಡೆ ಹಿಡಿದುಕೊಂಡೇ ಹೋದೆ. ಅವನು ಬಾಗಿಲಲ್ಲಿ ಕೂತಿದ್ದ, ಎರಡು ಕೈಯೂ ತೊಡೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದವು. ಸೊಸೆ ಚಹಾ ಕುಡಿಸುತ್ತಿದ್ದಳು. ಅಲ್ಲಿ ಏನು ಕರಗಿಸುತ್ತಿದ್ದಿರಿ ಅಂತ ಕೇಳಿದೆ.

‘ಸೀಸ. ಇನ್ನೇನು, ಬಂಗಾರನಾ?’ ಅಂದ.

ಬೆಂಕಿ ಬಿದ್ದಾಗ ಎಲ್ಲ ಸುಟ್ಟು ಹೋಯಿತಲ್ಲ ಅಂದೆ. ಸೀಸ ಸುಟ್ಟು ಹೋಗುವ ವಸ್ತುವಲ್ಲ, ಹೊಗೆಯಾಗಿ ಮೇಲೆ ಹೋಗಿ ಬೂದಿಯಾಗಿ ಕೆಳಗೆ ಇಳಿಯುತ್ತದೆ, ಆ ನೆಲದಲ್ಲಿ, ಆ ಕಟ್ಟೆಯ ಮೇಲೆ ಇವತ್ತಿಗೂ ಕೂತಿರುತ್ತದೆ ಅಂದ. ಆಮೇಲೆ ನನ್ನ ಕೈ ನೋಡಿದ.

‘ಬಾಯಲ್ಲಿ ತಗಡು ನೆಕ್ಕಿದ ಹಾಗಾಗತ್ತಾ?’

‘ಆಗತ್ತೆ.’

‘ಹೊಟ್ಟೆ ಹಿಂಡತ್ತಾ?’

‘ಹಿಂಡತ್ತೆ.’

‘ಹಾಗಾದ್ರೆ ನೀನೂ ನಮ್ಮ ಶೆಡ್ಡಲ್ಲಿ ಕೆಲಸ ಮಾಡಿದ ಹಾಗೇ ಆಯ್ತು ಬಿಡು.’

ಅವನು ನಗುತ್ತಾ ಹೇಳಿದ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ಬಸುರಿ ತಿಂದರೆ ಏನಾಗುತ್ತದೆ ಅಂತ ಕೇಳಿದೆ. ಅವನು ಸೊಸೆಗೆ ಒಳಗೆ ಹೋಗು ಅಂದ. ಅವಳು ಹೋದ ಮೇಲೆ ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಗುಬ್ಬಿಗೆ ಗೊತ್ತಿರುತ್ತದೆ.

ಗುಬ್ಬೀ, ಜುಲೈಯಿಂದ ಬಂದದ್ದೆಲ್ಲ ಶೆಡ್ಡಿನ ಹಿಂದಿನದು. ಗುಡ್ಡದ್ದು ಮೊದಲ ಪೊಟ್ಟಣ ಮಾತ್ರ. ನಿನ್ನ ಯಂತ್ರ ಸರಿಯಾಗಿದೆ. ನಿನ್ನ ಅಮ್ಮ ನಿನಗೆ ಗೊತ್ತಾಗದ ಹಾಗೆ ಗಂಜಿಯಲ್ಲಿ ಹಾಕುತ್ತಿದ್ದಾಳೆ. ಡಬ್ಬಿಯನ್ನು ಕೆಳಗಿನ ಬೀದಿಗೆ ಚೆಲ್ಲಬೇಡ, ಕೋಳಿ ಕೆದಕುತ್ತವೆ. ನಿನ್ನ ರಕ್ತವನ್ನು ಆ ಯಂತ್ರಕ್ಕೆ ಹಾಕಿಸು. ಡಾಕ್ಟರಮ್ಮನಿಗೆ ಸೀಸ ಅಂತ ಬಾಯಿಬಿಟ್ಟು ಹೇಳು, ಅವರು ಕಬ್ಬಿಣವನ್ನೇ ಹುಡುಕುತ್ತಾ ಕೂತಿದ್ದಾರೆ. ಬೈಯುವುದನ್ನು ಆಮೇಲೆ ಇಟ್ಟುಕೊಳ್ಳಿ. ಇವತ್ತೇ ಹೋಗು.

ಅಕ್ಕ, ದೊಡ್ಡಮ್ಮ

೧೯ ಸೆಪ್ಟೆಂಬರ್ ೧೯೮೪

ಅಕ್ಕಾ,

ನಿನ್ನ ತಂತಿ ನಿನ್ನೆ ಬಂತು. ಬಾಗಿಲಲ್ಲಿ ತಂತಿಯವನನ್ನು ನೋಡಿ ನನ್ನ ಎದೆ ಒಡೆದೇ ಹೋಯಿತು. ನೀನೇ ಹೋಗಿಬಿಟ್ಟೆಯೇನೋ ಅಂದುಕೊಂಡೆ. ಒಡೆದು ನೋಡಿದರೆ ಪುಡಿ ಬಿಸಾಡು ಅಂತ. ಕೂತು ನಕ್ಕೆ ನೋಡು, ಕಣ್ಣಲ್ಲಿ ನೀರು ಬರುವಷ್ಟು. ಮರಳು ಅಂದದ್ದಕ್ಕೆ ಕಾಗದದಲ್ಲಿ ಬೈದೆ, ಸೀಸ ಅಂದದ್ದಕ್ಕೆ ತಂತಿಯಲ್ಲಿ ಬೈಯುತ್ತೀಯ. ಇನ್ನೊಂದು ಮಾತು ಆಡಿದರೆ ಪೊಲೀಸರನ್ನೇ ಕಳಿಸುತ್ತೀಯೋ ಏನೋ. ಹುಡುಗಿ ತಿಳಿಯದೆ ಆಡಿದ ಮಾತು, ಬಸುರಿ ಬೇರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಸೊಪ್ಪಿನ ಬಗ್ಗೆ ನನಗೆ ಒಂದು ದಿನವೂ ಅನುಮಾನ ಬಂದಿಲ್ಲ. ತಂತಿಯನ್ನು ಅವಳಿಗೆ ತೋರಿಸಲಿಲ್ಲ, ನೊಂದುಕೊಳ್ಳುತ್ತಾಳೆ.

ನಾಳೆ ಬೆಳಗ್ಗೆ ನಾವು ಅಳಿಯಂದಿರ ಹತ್ತಿರ ಹೊರಟಿದ್ದೇವೆ. ಸುರಂಗದ ಕಂಪನಿಯವರು ಅವರಿಗೆ ಒಂದು ಮನೆ ಕೊಟ್ಟಿದ್ದಾರೆ, ಪಕ್ಕದಲ್ಲೇ ಕಂಪನಿಯ ಆಸ್ಪತ್ರೆ. ಗುಬ್ಬಿಗೆ ಈಚೆಗೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತದೆ. ಕೈಕಾಲು ಜೋಮು ಹಿಡಿಯುತ್ತವೆ. ಈ ಮೂರನೇ ಮಹಡಿ ಸಾಕು, ಹೆರಿಗೆ ಅಲ್ಲೇ ಆಗಲಿ ಅಂದರು ಅಳಿಯಂದಿರು. ಜೀಪು ಕಳಿಸುತ್ತಿದ್ದಾರೆ. ದಾರಿ ದೂರ, ಅರ್ಧ ದಿನ ಬೆಟ್ಟದ ತಿರುವು.

ಪಾತ್ರೆಪಗಡೆ ಎಲ್ಲ ಇಲ್ಲೇ ಬಿಟ್ಟಿದ್ದೇನೆ, ಪುಡಿಯ ಡಬ್ಬಿಯನ್ನು ಮಾತ್ರ ಬಿಡಲಿಲ್ಲ. ಸೀರೆಯೊಳಗೆ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಏಳನೇ ತಿಂಗಳಿಗೆ ಇನ್ನು ಸ್ವಲ್ಪ ದಿನವಷ್ಟೇ ಉಳಿದಿದೆ. ಹಾಗಾಗಿ ಇವತ್ತಿನಿಂದ ಮೂರು ಚಮಚ ಮಾಡಿದ್ದೇನೆ.

ಅಲ್ಲಿನ ವಿಳಾಸ ನನಗೂ ಸರಿಯಾಗಿ ಗೊತ್ತಿಲ್ಲ. ಹೋಗಿ ತಲುಪಿ, ಮನೆ ಜೋಡಿಸಿ, ಆಮೇಲೆ ಬರೆಯುತ್ತೇನೆ. ಅಷ್ಟರಲ್ಲಿ ನಿನ್ನ ಕೋಪವೂ ಇಳಿದಿರುತ್ತದೆ. ಅಷ್ಟರೊಳಗೆ ಇಲ್ಲಿಗೆ ಏನಾದರೂ ಬರೆದಿದ್ದರೆ ಕಳೆದುಹೋಗುತ್ತದೆ ಅಂತ ಹೆದರಬೇಡ. ನಾವು ಮಗುವನ್ನು ಎತ್ತಿಕೊಂಡು ವಾಪಸು ಬರುವವರೆಗೆ ಬಂದ ಕಾಗದವನ್ನೆಲ್ಲ ಜೋಪಾನವಾಗಿ ಇಟ್ಟಿರಪ್ಪ ಅಂತ ಅಂಚೆಯವನಿಗೆ ಹೇಳಿದ್ದೇನೆ.

ತಂಗಿ